ಬೇಕಾಗಿದ್ದಾರೆ: ಮಾತು ಬಲ್ಲ ಪ್ರಾಣಿಗಳು

ಡಿಸ್ನಿ ಕಂಪೆನಿಯ ಸಿಂಹಕ್ಕೆ ಕನ್ನಡ ಬರುವುದಿಲ್ಲ. 2019ರಲ್ಲಿ ‘ದಿ ಲಯನ್ ಕಿಂಗ್’ ನಮ್ಮ ದೇಶಕ್ಕೆ ಬಂದಾಗ ಹಿಂದಿಯಲ್ಲಿ ಅಪ್ಪ ಸಿಂಹಕ್ಕೆ ಶಾರುಖ್ ಖಾನ್ ದನಿ ಕೊಟ್ಟರು, ಮಗ ಸಿಂಹಕ್ಕೆ ಅವರ ಮಗ. ತೆಲುಗಿನಲ್ಲಿ ನಾನಿ, ತಮಿಳಿನಲ್ಲಿ ಸಿದ್ಧಾರ್ಥ್. 2024ರಲ್ಲಿ ‘ಮುಫಾಸ’ ಬಂದಾಗ ತೆಲುಗು ಸಿಂಹದ ಗಂಟಲಲ್ಲಿ ಮಹೇಶ್ ಬಾಬು ಕೂತಿದ್ದರು. ತಲಪಾಡಿಯಿಂದ ಬೀದರ್ ತನಕದ ಮಕ್ಕಳಿಗೆ ಮಾತ್ರ ಕಾಡಿನ ರಾಜ ಇಂಗ್ಲಿಷಿನಲ್ಲಿ ಗರ್ಜಿಸಿದ. ಅದು ಅರ್ಥವಾಗದವರಿಗೆ ಹಿಂದಿಯಲ್ಲಿ ಗರ್ಜಿಸಿದ. ಅದೂ ಆಗದವರು ಪಾಪ್‌ಕಾರ್ನ್ ತಿಂದರು.

ತಪ್ಪು ಸಿಂಹದ್ದಲ್ಲ ಬಿಡಿ. ಡಬ್ಬಿಂಗ್ ಎಂಬ ಮಾರಿಯನ್ನು ನಮ್ಮ ಚಿತ್ರರಂಗ ದಶಕಗಳ ಕಾಲ ಗಡಿಯಲ್ಲೇ ತಡೆದು ನಿಲ್ಲಿಸಿತ್ತು. ಕನ್ನಡ ಉಳಿಯಬೇಕಾದರೆ ಹೊರಗಿನವರು ಯಾರೂ ಅದನ್ನು ಆಡಬಾರದು ಎಂಬುದು ಆಗಿನ ಸಿದ್ಧಾಂತ. 2015ರಲ್ಲಿ ಸ್ಪರ್ಧಾ ಆಯೋಗದವರು ಈ ತಡೆ ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟರು. ಮತ್ತೆ ಒಬ್ಬೊಬ್ಬರೇ ಕನ್ನಡ ಕಲಿಯತೊಡಗಿದರು. 2022ರಲ್ಲಿ ‘ಅವತಾರ್’ನ ನೀಲಿ ಮೈಯ ಅನ್ಯಗ್ರಹದವರು ಕಲಿತರು. 2023ರಲ್ಲಿ ಕಾರ್ಟೂನ್ ಸ್ಪೈಡರ್‌ಮ್ಯಾನ್ ಕಲಿತ. 2025ರ ಜುಲೈಯಲ್ಲಿ ಹೊಂಬಾಳೆಯವರು ಅರ್ಪಿಸಿದ ಆನಿಮೇಷನ್ ಚಿತ್ರ ‘ಮಹಾವತಾರ್ ನರಸಿಂಹ’ ಕನ್ನಡದಲ್ಲೂ ತೆರೆ ಕಂಡಿತು. ಅಲ್ಲಿಗೆ ಲೆಕ್ಕ ಇಷ್ಟು: ಅರ್ಧ ಸಿಂಹಕ್ಕೆ ಕನ್ನಡ ಬಂತು, ಪೂರ್ತಿ ಸಿಂಹ ಇನ್ನೂ ಕಲಿಯಬೇಕು.

ಹಾಗಂತ ನಮ್ಮ ಪ್ರಾಣಿಗಳನ್ನಿಟ್ಟುಕೊಂಡು ನಮ್ಮವರು ಏನೂ ಮಾಡಿಲ್ಲ ಎನ್ನುವಂತಿಲ್ಲ. ಗೋವಿನ ಹಾಡಿನ ಕಥೆಯನ್ನು ಬೆಂಗಳೂರಿನ ರವಿಶಂಕರ್ ಅವರು ಜನರಿಂದ ದುಡ್ಡು ಕೂಡಿಸಿ, ಊರೂರಿನ ಆನಿಮೇಟರುಗಳನ್ನು ಸೇರಿಸಿ, ಇಳಯರಾಜರಿಂದ ಸಂಗೀತ ಮಾಡಿಸಿ ‘ಪುಣ್ಯಕೋಟಿ’ ಎಂಬ ಚಿತ್ರ ಮಾಡಿದರು. 2020ರಲ್ಲಿ ಅದು ನೆಟ್‌ಫ್ಲಿಕ್ಸಿಗೂ ಬಂತು. ಸಾಹಸಕ್ಕೆ ಕೈ ಮುಗಿಯಬೇಕು. ಚಿತ್ರದ ಭಾಷೆ ಮಾತ್ರ ಸಂಸ್ಕೃತ. ತಲೆಮಾರುಗಳಿಂದ ಕನ್ನಡ ಶಾಲೆಯ ಬೆಂಚಿನಲ್ಲಿ ಕೂತ ಮಕ್ಕಳನ್ನು ಕನ್ನಡದಲ್ಲೇ ಅಳಿಸಿದ ದನ, ಪರದೆಗೆ ಬಂದದ್ದೇ ವೇದಪಾಠಶಾಲೆಗೆ ಸೇರಿತು. ಹುಲಿಯೂ ಹಸಿವನ್ನು ಸಂಸ್ಕೃತದಲ್ಲೇ ತೋಡಿಕೊಂಡಿತು. ಸತ್ಯವಾಕ್ಯವನ್ನು ಯಾವ ಭಾಷೆಯಲ್ಲಿ ಆಡಿದರೂ ಸತ್ಯವೇ ತಾನೆ ಎನ್ನಬಹುದು. ಸರಿಯೇ. ಆದರೆ ಅಡಿಬರಹ ಓದುತ್ತಾ ಅಳುವುದು ಸುಲಭವಲ್ಲ, ಕಣ್ಣೊರಸುವಷ್ಟರಲ್ಲಿ ಸಾಲು ಹೋಗಿರುತ್ತದೆ.

ಇದನ್ನೆಲ್ಲ ನೋಡಿದ ಮೇಲೆ ನನ್ನದೊಂದು ಸಲಹೆ. ಮಾತಾಡುವ ಪ್ರಾಣಿಗಳ ಆನಿಮೇಷನ್ ಚಿತ್ರವನ್ನು, ಅಜ್ಜಿಯಿಂದ ಮೊಮ್ಮಗುವಿನ ತನಕ ಇಡೀ ಮನೆ ಕೂತು ನಗುವಂಥದನ್ನು, ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲೇ ಯಾಕೆ ಮಾಡಬಾರದು? ಬಿ.ಸಿ.ರೋಡಿನಲ್ಲಿ ಒಬ್ಬ ನಿರ್ಮಾಪಕರು ಸಿಕ್ಕಿದರು ಎಂದೇ ಇಟ್ಟುಕೊಳ್ಳಿ. ಅಡಿಕೆಗೆ ರೇಟು ಬಂದ ವರ್ಷ ನಿರ್ಮಾಪಕರಿಗೆ ಬರಗಾಲವಿಲ್ಲ. “ಹೀರೋಗೆ ಕಾರವಾನ್ ಬೇಡ, ಹೀರೋಯಿನ್ ಒಟ್ಟಿಗೆ ಅಮ್ಮ ಬರುವುದಿಲ್ಲ, ಯಾರೂ ಆಮೇಲೆ ಎಲೆಕ್ಷನ್ನಿಗೆ ನಿಲ್ಲುವುದಿಲ್ಲ. ಒಳ್ಳೆ ವ್ಯಾಪಾರ ಅಲ್ವಾ ಮಾರಾಯ್ರೆ!” ಎಂದು ಅವರು ಒಪ್ಪಿಯೂ ಬಿಟ್ಟರು. ಇನ್ನು ಪಾತ್ರಧಾರಿಗಳ ಆಯ್ಕೆ.

ಮೊದಲ ಅರ್ಜಿ ಕಂಬಳದ ಕೋಣದ್ದು. ಈ ಮೂರು ತಾಲೂಕುಗಳಲ್ಲಿ ಅದಕ್ಕಿಂತ ದೊಡ್ಡ ತಾರೆ ಇಲ್ಲ. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ, ವೇಣೂರಿನಲ್ಲಿ ಸೂರ್ಯ-ಚಂದ್ರ ಜೋಡುಕರೆ, ಎಲ್ಲ ಕಡೆ ಓಡಿದ ಅನುಭವ ಅದಕ್ಕುಂಟು. ಹುರುಳಿ ತಿಂದು, ಎಣ್ಣೆ ತಿಕ್ಕಿಸಿಕೊಂಡು, ಮೈ ಕನ್ನಡಿಯಂತೆ ಹೊಳೆಯುತ್ತಿದೆ. ಬಂದದ್ದೇ ದೂರು ಸುರುಮಾಡಿತು: “2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಓಡಿದ್ದು ಯಾರು? 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದು ಯಾರು? ನಾವು ಎರಡು ಜನ ಮುಂದೆ ಓಡಿದೆವು. ಹಿಂದೆ ಹಗ್ಗ ಹಿಡಿದು ಬಂದವರ ಫೋಟೋ ಉಸೇನ್ ಬೋಲ್ಟ್ ಪಕ್ಕದಲ್ಲಿ ಬಂತು!”

ಕೋಣದ ಮಾತಿನಲ್ಲಿ ನ್ಯಾಯ ಉಂಟು. ಆ ಹಗ್ಗ ಹಿಡಿದು ಓಡಿದ ಅಶ್ವತ್ಥಪುರದ ಶ್ರೀನಿವಾಸ ಗೌಡರ ಓಟವನ್ನು ಯಾರೋ ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಎಂದರು. ಬೋಲ್ಟ್‌ನ ದಾಖಲೆ 9.58. ದಿಲ್ಲಿಯಿಂದ ಕ್ರೀಡಾ ಸಚಿವರು ಟ್ವೀಟ್ ಮಾಡಿ ಟ್ರಯಲ್ಸಿಗೆ ಕರೆದರು. ಕೆಸರು ಗದ್ದೆಯ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂದು ಗೌಡರು ನಯವಾಗಿ ಒಲ್ಲೆ ಎಂದರು. ಈ ಇಡೀ ಪ್ರಕರಣದಲ್ಲಿ ತಲೆ ಸರಿಯಿದ್ದದ್ದು ಅವರೊಬ್ಬರದೇ. ಕೋಣಗಳಿಗೆ ಟ್ವೀಟ್ ಹೋಗಲಿಲ್ಲ. ಗೆದ್ದ ಚಿನ್ನದ ಪವನೂ ಯಜಮಾನರ ಮನೆಯ ಕಪಾಟಿಗೆ ಹೋಗುತ್ತದೆ, ಕೋಣದ ಕೊರಳಿಗಲ್ಲ.

“ಕೋರ್ಟಿನ ವಿಷಯ ಹೇಳಲಾ?” ಎಂದು ಕೋಣ ಮುಂದುವರಿಸಿತು. ಹೇಳಲಿ, ಆನಿಮೇಷನ್ನಿನಲ್ಲಿ ಹಿನ್ನೋಟ ತೋರಿಸಲು ಖರ್ಚಿಲ್ಲ. 2014ರ ಮೇಯಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2017ರಲ್ಲಿ ರಾಜ್ಯ ಸರಕಾರ ಕಾಯಿದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಂಬತ್ತು ವರ್ಷ ದೇಶದ ದೊಡ್ಡ ದೊಡ್ಡ ವಕೀಲರು ಕೋಣಕ್ಕೆ ನೋವಾಗುತ್ತದೆ, ಇಲ್ಲ ಆಗುವುದಿಲ್ಲ ಎಂದು ವಾದಿಸಿದರು. ಒಂದು ಕೋಣಕ್ಕೆ ಮಾತು ಬರುತ್ತಿದ್ದರೆ ಮೊದಲನೇ ದಿನವೇ ಮಧ್ಯಾಹ್ನದ ಊಟಕ್ಕೆ ಮುಂಚೆ ಕೇಸು ಮುಗಿಯುತ್ತಿತ್ತು. ಯಾವ ಕಡೆಗೆ ಮುಗಿಯುತ್ತಿತ್ತು ಎಂದು ಕೇಳಬೇಡಿ, ಬೆತ್ತದ ಏಟು ತಿಂದವನನ್ನೇ ಕೇಳಬೇಕು.

ಎರಡನೆಯ ಅರ್ಜಿ ಆನೆಯದ್ದು. ವಿಳಾಸ ಚಾರ್ಮಾಡಿ ಘಾಟಿಯ ಬುಡ. ನೆರಿಯ, ಶಿಶಿಲ, ಶಿಬಾಜೆ ಕಡೆ ಓಡಾಟ. ಅಭಿನಯಕ್ಕೆ ರಾತ್ರಿ ಮಾತ್ರ ಪುರುಸೊತ್ತು. ಅದರ ದೃಶ್ಯಕ್ಕೆ ಕಥೆಗಾರ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಬೆಳ್ತಂಗಡಿಯ ಯಾವ ಕೃಷಿಕರೂ ಹೇಳಿಯಾರು. ರಾತ್ರಿ ತೋಟದೊಳಗೆ ಪಟ ಪಟ ಶಬ್ದ. ಟಾರ್ಚು ಬಿಟ್ಟರೆ ಬಾಳೆಯ ನಡುವೆ ಕಪ್ಪು ಗೋಡೆಯೊಂದು ಕಿವಿ ಬೀಸುತ್ತಾ ನಿಂತಿದೆ. ಬಾಳೆ ಮುಗಿಸಿ, ತೆಂಗಿನ ಸಸಿಯ ತಿರುಳು ಎಳೆದು, ಹೋಗುವಾಗ ನೀರಾವರಿ ಪೈಪನ್ನು ತುಳಿದು, ಸಾವಧಾನದಿಂದ ಬೇಲಿ ದಾಟುತ್ತದೆ. ಮರುದಿನ ಇಲಾಖೆಯವರು ಬಂದು ಫೋಟೋ ತೆಗೆದು, ಪಹಣಿ ಪತ್ರದ ನಕಲು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೊಡಿ ಎನ್ನುತ್ತಾರೆ. ಆನೆಯ ಹತ್ತಿರ ಯಾವ ದಾಖಲೆಯೂ ಕೇಳುವುದಿಲ್ಲ. ಕೇಳಿದ್ದರೆ ಅದು ಹೇಳುತ್ತಿತ್ತು: “ಸ್ವಾಮೀ, ನಿಮ್ಮ ಪಹಣಿಯಲ್ಲಿ ಅಜ್ಜನ ಹೆಸರುಂಟು. ಈ ದಾರಿಯಲ್ಲಿ ನನ್ನ ಅಜ್ಜಿಯ ಅಜ್ಜಿ ನಡೆದಿದ್ದಾಳೆ. ಆಗ ಇಲ್ಲಿ ತೋಟವೂ ಇರಲಿಲ್ಲ, ತಾಲೂಕು ಆಫೀಸೂ ಇರಲಿಲ್ಲ.”

ಮಂಗ ಮತ್ತು ಹಂದಿಯದ್ದು ಜಂಟಿ ಅರ್ಜಿ. ಇವರಿಬ್ಬರೂ ಹಾಸ್ಯ ಪಾತ್ರಕ್ಕೆ ಸರಿ, ಯಾಕೆಂದರೆ ಪ್ರಜಾಪ್ರಭುತ್ವದ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡ ಜೀವಿಗಳು ಬೇರೆ ಇಲ್ಲ. ಚುನಾವಣೆ ಘೋಷಣೆಯಾದದ್ದೇ ತಡ, ಬೆಳೆ ರಕ್ಷಣೆಗೆಂದು ಸರಕಾರವೇ ಪರವಾನಗಿ ಕೊಟ್ಟ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಎಂದು ಆದೇಶ ಬರುತ್ತದೆ. ಇದರ ವಿರುದ್ಧ ಹೈಕೋರ್ಟಿನ ಮೆಟ್ಟಿಲು ಹತ್ತಿದ ಕೃಷಿಕರೂ ಇದ್ದಾರೆ. ಲೋಕಸಭೆ, ವಿಧಾನಸಭೆ, ಪಂಚಾಯತು ಎಂದು ಸರದಿಯಲ್ಲಿ ಚುನಾವಣೆ ಬರುವ ದೇಶದಲ್ಲಿ ಕೋವಿ ಮನೆಯಲ್ಲಿರುವುದು ಅಪರೂಪ, ಮಗಳು ತವರಿಗೆ ಬಂದ ಹಾಗೆ. ನೀತಿ ಸಂಹಿತೆ ಹಂದಿಗೆ ಅನ್ವಯಿಸುವುದಿಲ್ಲ. ಮತ ಎಣಿಕೆಯಾಗಿ ಕೋವಿ ವಾಪಸು ಬರುವಷ್ಟರಲ್ಲಿ ಮರಗೆಣಸಿನ ಎಣಿಕೆಯೂ ಮುಗಿದಿರುತ್ತದೆ.

ಚಿರತೆಗೆ ಸಣ್ಣ ಪಾತ್ರ ಸಾಕು. ನಾಯಿಯನ್ನು ಅಟ್ಟಿಸಿಕೊಂಡು ಬಂದು ಆವರಣವಿಲ್ಲದ ಬಾವಿಗೆ ಬೀಳುತ್ತದೆ. ಮೇಲೆ ಊರಿಗೆ ಊರೇ ಬಾವಿಯ ಅಂಚಿಗೆ ಬಗ್ಗಿ ಮೊಬೈಲು ಹಿಡಿದಿದೆ. ಅರಣ್ಯದವರು ಬೋನು ಇಳಿಸಬೇಕು, ಆದರೆ ಲೈವ್ ಮಾಡುವವರ ಕಾಲು ಸಂದಿಯಲ್ಲಿ ಹಗ್ಗ ಬಿಡಲು ಜಾಗವಿಲ್ಲ. ಚಿರತೆ ಕೆಳಗಿನಿಂದ ಒಂದೇ ಮಾತು ಕೇಳುತ್ತದೆ: “ಮೇಲೆ ಬಂದರೆ ಅಪಾಯವಾ?” ಅಷ್ಟೇ ಸಂಭಾಷಣೆ.

ನಾಗನ ಅರ್ಜಿಯನ್ನು ತೆರೆಯದೆಯೇ ಪಕ್ಕಕ್ಕಿಟ್ಟೆವು. ನಾಗನನ್ನು ನಗಿಸುವ ಧೈರ್ಯ ಈ ಜಿಲ್ಲೆಯ ಯಾವ ನಿರ್ದೇಶಕನಿಗೂ ಇಲ್ಲ, ನಿರ್ಮಾಪಕರ ಬಜೆಟ್ಟಿನಲ್ಲಿ ಆಶ್ಲೇಷಾ ಬಲಿಗೆ ದುಡ್ಡೂ ಇಲ್ಲ. ಹಂದಿ ದೈವ ಪಂಜುರ್ಲಿಯ ವಿಷಯದಲ್ಲೂ ಹಾಗೆಯೇ. ದೈವದ ಒಂದು ಕೂಗಿಗೆ 2022ರಲ್ಲಿ ‘ಕಾಂತಾರ’ ನೂರಾರು ಕೋಟಿ ಗಳಿಸಿತು. ಅದೇ ದೈವದ ಊರುಗಳಲ್ಲಿ ಕೋಲದ ದಿನ ಹಂದಿಯ ಮುಗಕ್ಕೆ ಕೈ ಮುಗಿದು, ಮರುದಿನ ಹಂದಿಗೆ ಉರುಳು ಇಡುತ್ತಾರೆ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ನನಗೂ ಊರಿನಲ್ಲಿ ಮನೆ ಉಂಟು.

ಪಾತ್ರಗಳು ಸಿಕ್ಕಿದವು. ಜಗಳ ಸುರುವಾದದ್ದು ಭಾಷೆಯ ಮೇಲೆ. ಕೋಣ ತುಳು ಬಿಟ್ಟು ಬೇರೆ ಮಾತಾಡುವುದಿಲ್ಲ ಎಂದು ಪಟ್ಟು ಹಿಡಿಯಿತು. ಅದಕ್ಕೆ ಹುಟ್ಟಿದಂದಿನಿಂದ ಆಜ್ಞೆ, ಬೈಗುಳ, ಪ್ರೀತಿ ಎಲ್ಲ ತುಳುವಿನಲ್ಲೇ ಆಗಿದೆ. ಮೀನು ಮಾರ್ಕೆಟಿನ ಬೆಕ್ಕಿಗೆ ಬ್ಯಾರಿಯೂ ಗೊತ್ತು, ಕೊಂಕಣಿಯೂ ಗೊತ್ತು, ಮೀನು ಕೊಡುವವರ ಭಾಷೆ ಅದರ ಮಾತೃಭಾಷೆ. ವಿಟ್ಲ ಕಡೆಯ ಹಟ್ಟಿಯ ದನ ಹವ್ಯಕ ಕನ್ನಡ. ಆನೆ ಘಟ್ಟದ ಮೇಲಿನಿಂದ ಇಳಿದದ್ದು, ಹಾಗಾಗಿ ಮೂಡಿಗೆರೆ ಕನ್ನಡ. ಕೊನೆಗೆ ಬಂದದ್ದು ಮನೆಯ ನಾಯಿ. ಅದಕ್ಕೆ ಇಂಗ್ಲಿಷ್ ಮಾತ್ರ ಬರುತ್ತದೆ.

ನಗಬೇಡಿ, ಸುತ್ತ ನೋಡಿ. ಇಂಗ್ಲಿಷಿನ ಒಂದಕ್ಷರ ಬಾರದ ಮನೆಯಲ್ಲೂ ನಾಯಿಗೆ ‘ಕಮ್’, ‘ಸಿಟ್’, ‘ಗೋ’. ಹಟ್ಟಿಯ ದನದ ಹತ್ತಿರ ತುಳುವಿನಲ್ಲಿ ಕಷ್ಟಸುಖ ಹೇಳಿಕೊಳ್ಳುವ ಅದೇ ಯಜಮಾನರು ಅಂಗಳಕ್ಕೆ ಬಂದು ಟಾಮಿಯ ಎದುರು ನಿಂತರೆ ಕಲೆಕ್ಟರಾಗಿ ಬಿಡುತ್ತಾರೆ. ಈಗ ಈ ಮರ್ಯಾದೆ ಮಕ್ಕಳಿಗೂ ಸಿಕ್ಕಿದೆ. ‘ಕಮ್’, ‘ಈಟ್’, ‘ಡೋಂಟ್ ಟಚ್’. ಅಜ್ಜಿ ತುಳುವಿನಲ್ಲಿ ಕಥೆ ಹೇಳಲು ಹೊರಟರೆ, ಮಗುವಿನ ಆಕ್ಸೆಂಟ್ ಹಾಳಾಗುತ್ತದೆ ಎಂದು ಸೊಸೆ ಮೊಬೈಲು ಕೊಡುತ್ತಾಳೆ. ಮೊಬೈಲಿನೊಳಗೆ ಗುಲಾಬಿ ಬಣ್ಣದ ಇಂಗ್ಲೆಂಡಿನ ಹಂದಿಯೊಂದು ಕೆಸರಿನಲ್ಲಿ ಹಾರುತ್ತಾ ಇಂಗ್ಲಿಷ್ ಕಲಿಸುತ್ತದೆ. ನಮ್ಮ ಮಗು ನಿಜವಾದ ಕೆಸರಿಗೆ ಇಳಿದರೆ ಪೆಟ್ಟು.

ನಿರ್ಮಾಪಕರು ಗೊಂದಲಕ್ಕೆ ಬಿದ್ದರು. “ಪ್ರಾಣಿಗಳು ಕನ್ನಡ ಮಾತಾಡಿದರೆ ಜನ ನಂಬ್ತಾರಾ?” ಎಂಥ ಪ್ರಶ್ನೆ! ಈ ಸೀಮೆಯಲ್ಲಿ ಶುದ್ಧ ಕನ್ನಡ ಉಳಿದದ್ದೇ ಪ್ರಾಣಿಗಳ ಬಾಯಿಯಲ್ಲಿ. ಯಕ್ಷಗಾನಕ್ಕೆ ಹೋಗಿ. ಹನುಮಂತ, ಸುಗ್ರೀವ, ಜಾಂಬವ, ಜಟಾಯು, ಯಾರ ಮಾತಿನಲ್ಲೂ ಒಂದು ಇಂಗ್ಲಿಷ್ ಶಬ್ದ ನುಸುಳುವುದಿಲ್ಲ. ನುಸುಳಿದರೆ ಮರುದಿನ ಚಾ ಅಂಗಡಿಯಲ್ಲಿ ಕಲಾವಿದನ ಮಾನ ಹೋಗುತ್ತದೆ. ಕರಡಿಯೊಂದು ಇಡೀ ರಾತ್ರಿ ತಪ್ಪಿಲ್ಲದ ಕನ್ನಡ ಮಾತಾಡುತ್ತದೆ. ಪ್ರಸಂಗದ ನಡುವೆ ಸನ್ಮಾನಕ್ಕೆಂದು ವೇದಿಕೆ ಹತ್ತಿದ ಮನುಷ್ಯರು ‘ಈ ಪ್ರೋಗ್ರಾಮಿಗೆ ನನ್ನನ್ನು ಇನ್ವೈಟ್ ಮಾಡಿದ್ದಕ್ಕೆ’ ಎಂದು ಸುರುಮಾಡುತ್ತಾರೆ.

ಅದರಲ್ಲೂ ವಾಲಿ. ತಾಳಮದ್ದಳೆಯಲ್ಲಿ ‘ವಾಲಿವಧೆ’ ಇಟ್ಟರೆ ಬಾಣ ತಾಗಿದ ಮೇಲೆಯೇ ನಿಜವಾದ ಕೆಲಸ ಆರಂಭ. ಎದೆಯಲ್ಲಿ ಬಾಣ ನೆಟ್ಟುಕೊಂಡು ಈ ಮಂಗ ಗಂಟೆಗಟ್ಟಲೆ ರಾಮನನ್ನು ಪಾಟೀಸವಾಲು ಮಾಡುತ್ತದೆ. ನಾನು ಕಾಡುಪ್ರಾಣಿ, ಬೇಟೆಯಾಡಿದ್ದು ತಪ್ಪಲ್ಲ ಎನ್ನುವುದಾದರೆ ನನಗೆ ಧರ್ಮದ ಪಾಠ ಯಾಕೆ? ಧರ್ಮ ನನಗೂ ಅನ್ವಯಿಸುತ್ತದೆ ಎನ್ನುವುದಾದರೆ ಮರದ ಮರೆ ಯಾಕೆ? ಸಾರಾಂಶ ಇಷ್ಟೇ, ಆದರೆ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತಾಗ ರಾಮನ ಪಾತ್ರಧಾರಿಗೆ ಬೆವರು ಕೀಳುತ್ತಿತ್ತು. ಕೋಣ ಕೇಳುವ ಪ್ರಶ್ನೆಯೂ ಇದೇ, ಆನೆಯದ್ದೂ ಇದೇ. ಕಾನೂನು ಹಿಡಿದು ನಿಂತವರು ಇವತ್ತಿಗೂ ಮರದ ಮರೆಯಲ್ಲೇ ಇದ್ದಾರೆ.

ಗ್ರಾಫಿಕ್ಸ್ ಬಗ್ಗೆಯೂ ನಿರ್ಮಾಪಕರಿಗೆ ಚಿಂತೆ. ಅದಕ್ಕೂ ಯಕ್ಷಗಾನದಲ್ಲೇ ಉತ್ತರ ಉಂಟು. ‘ಶ್ರೀದೇವಿ ಮಹಾತ್ಮೆ’ ಆಟದಲ್ಲಿ ನಡುರಾತ್ರಿ ಕಳೆದ ಮೇಲೆ ಮಹಿಷಾಸುರ ರಂಗದ ಹಿಂದಿನಿಂದ ಬರುವುದಿಲ್ಲ, ಜನರ ಹಿಂದಿನಿಂದ ಬರುತ್ತಾನೆ. ದೊಂದಿಯ ಬೆಂಕಿಗೆ ರಾಳದ ಹುಡಿ ಎರಚಿದಾಗ ಭುಗ್ಗೆನ್ನುವ ಜ್ವಾಲೆ, ಅದರ ನಡುವೆ ಎರಡು ಕೊಂಬು. ಚಾಪೆಯಲ್ಲಿ ಮಲಗಿದ ಮಕ್ಕಳೆಲ್ಲ ಎದ್ದು ಅಮ್ಮನ ಸೆರಗಿನೊಳಗೆ. ತ್ರೀಡಿ ಕನ್ನಡಕ ಇಲ್ಲದೆ, ಟಿಕೆಟ್ಟೂ ಇಲ್ಲದೆ. ಅದಕ್ಕೂ ಹಿಂದಿನದು ಬೇಕಾದರೆ ಮೂಡುಬಿದಿರೆಗೆ ಬನ್ನಿ. ಚೌಟರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಒಂದು ಆನೆಯಾಗಿದ್ದಾರೆ, ಐವರು ಸೇರಿ ಕುದುರೆಯಾಗಿದ್ದಾರೆ. ದೂರದಿಂದ ನೋಡಿದರೆ ಕುದುರೆ, ಹತ್ತಿರ ಹೋದರೆ ಒಬ್ಬಳ ಕಾಲು, ಇನ್ನೊಬ್ಬಳ ಬೆನ್ನು. 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯ ಭೈರಾದೇವಿ ಮಂಟಪದ ಬುಡದಲ್ಲಿ ಜಿರಾಫೆ ಉಂಟು, ಚೀನಾದ ಡ್ರ್ಯಾಗನ್ ಉಂಟು. ಕಡಲಾಚೆಯ ಪ್ರಾಣಿಗಳು ಆ ಕಾಲದಲ್ಲೇ ವ್ಯಾಪಾರಿಗಳ ಬಾಯಿಮಾತಿನಲ್ಲಿ ಇಲ್ಲಿಗೆ ಬಂದು, ಇಲ್ಲಿಯ ಕಲ್ಲಿನಲ್ಲಿ ನೆಲೆಸಿದವು. ಆಗ ಡಬ್ಬಿಂಗ್ ವಿರೋಧಿ ಸಮಿತಿ ಇರಲಿಲ್ಲ.

ಚಿತ್ರ ತಯಾರಾದರೆ ಆಕ್ಷೇಪಗಳು ತಯಾರಾಗಿಯೇ ಇವೆ. ದನ ಒಳ್ಳೆಯದಾಗಿ ಬಂದರೆ ಒಂದು ಪಕ್ಷ, ಸಾಧಾರಣವಾಗಿ ಬಂದರೆ ಇನ್ನೊಂದು ಪಕ್ಷ. ಬೆಕ್ಕು ಬ್ಯಾರಿ ಮಾತಾಡಿದರೆ ಯಾಕೆ ಮಾತಾಡಿತು, ಮಾತಾಡದಿದ್ದರೆ ಯಾಕೆ ಬಿಟ್ಟಿರಿ. ಹಂದಿ ಯಾರ ಹಿತ್ತಲಿನಿಂದ ಓಡಿತು ಎಂಬುದಕ್ಕೆ ಒಂದು ಮೆರವಣಿಗೆ. ಕೋಳಿಗೆ ಪಾತ್ರ ಕೊಟ್ಟರೆ ಕೋಳಿ ಅಂಕದ ಕೇಸು ಬೀಳುತ್ತದೆ. ಇವೆಲ್ಲ ಮುಗಿದ ಮೇಲೆ, ಗಣಕದಲ್ಲಿ ಬಿಡಿಸಿದ ಕೋಣಕ್ಕೂ ‘ಯಾವುದೇ ಪ್ರಾಣಿಗೆ ಹಿಂಸೆಯಾಗಿಲ್ಲ’ ಎಂಬ ಸಾಲು ಹಾಕಿ, ಬಿಡುಗಡೆ ಮಾಡಬಹುದು. ಥಿಯೇಟರ್ ಸಿಕ್ಕಿದರೆ.

“ಕಥೆ ಯಾರದ್ದು?” ಎಂದು ನಿರ್ಮಾಪಕರು ಕೊನೆಗೊಮ್ಮೆ ಕೇಳಿದರು. ಮೊದಲು ಕೇಳಬೇಕಾದ್ದನ್ನು ಕೊನೆಗೆ ಕೇಳುವುದು ನಮ್ಮ ಚಿತ್ರರಂಗದ ಪದ್ಧತಿ.

ಕಥೆ ಬಂಟ್ವಾಳದ್ದೇ ಉಂಟು. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಬರೆದದ್ದು ಕನ್ನಡ. ಶಾಲಾ ಇನ್‌ಸ್ಪೆಕ್ಟರಾಗಿದ್ದುಕೊಂಡು ಮಕ್ಕಳು ನಗಲಿ ಎಂದು ಬರೆದ ಮನುಷ್ಯ. ಈಗಿನ ಶಿಕ್ಷಣ ಇಲಾಖೆಯಲ್ಲಿ ಇದೊಂದು ವಿಚಾರಣೆಗೆ ಅರ್ಹ ಅಪರಾಧವಾಗಬಹುದು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಲಿ, ಕರಡಿ, ಹಾವು ಎಲ್ಲವೂ ಅವರ ಬಳಗ. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಅವರ ಕಥೆಯೊಂದು ಸಾಕು, ಹಾಲಿವುಡ್ಡಿನವರು ಬಂದು ಸಾಲಿನಲ್ಲಿ ನಿಲ್ಲಬೇಕು.

ಅಜ್ಜಿಯಂದಿರ ಬಾಯಿಯಲ್ಲಿ ಆ ಕಥೆ ಹೀಗೆ ಸಾಗುತ್ತದೆ. ಬಿಸಿಲಿಗೆ ಹಾಕಿದ ಸಿಗಡಿ ಒಣಗಿಲ್ಲ. ಯಾಕೆ ಎಂದರೆ ಹುಲ್ಲು ಅಡ್ಡ ಬಂತು ಎನ್ನುತ್ತದೆ. ಹುಲ್ಲನ್ನು ಕೇಳಿದರೆ ದನ ಮೇಯಲಿಲ್ಲ. ದನವನ್ನು ಕೇಳಿದರೆ ಹುಡುಗ ಹಗ್ಗ ಬಿಚ್ಚಲಿಲ್ಲ. ಹುಡುಗನನ್ನು ಕೇಳಿದರೆ ಅಜ್ಜಿ ಗಂಜಿ ಕೊಡಲಿಲ್ಲ. ಅಜ್ಜಿಗೆ ಮಗು ಅತ್ತದ್ದು ಕಾರಣ, ಮಗುವಿಗೆ ಇರುವೆ ಕಚ್ಚಿದ್ದು ಕಾರಣ. ಇರುವೆಯನ್ನು ಕೇಳಿದರೆ, ನನ್ನ 
ಗೂಡಿಗೆ ಕೈ ಹಾಕಿದರೆ ಕಚ್ಚದೆ ಬಿಡುವುದುಂಟೇ ಎಂಬ ಉತ್ತರ.

ಬಿ.ಸಿ.ರೋಡಿನ ಹೆದ್ದಾರಿ ಹೊಂಡ ಯಾಕೆ ಮುಚ್ಚಲಿಲ್ಲ ಎಂದು ಕೇಳಿ ನೋಡಿ. ಗುತ್ತಿಗೆದಾರ ಬಿಲ್ ಆಗಲಿಲ್ಲ ಎನ್ನುತ್ತಾನೆ. ಬಿಲ್ಲಿನವರು ಅನುದಾನ ಬರಲಿಲ್ಲ ಎನ್ನುತ್ತಾರೆ. ಬೆಂಗಳೂರಿನವರು ದಿಲ್ಲಿ ಎನ್ನುತ್ತಾರೆ, ದಿಲ್ಲಿಯವರು ಬೆಂಗಳೂರು ಎನ್ನುತ್ತಾರೆ. ಎಲ್ಲರೂ ಒಟ್ಟು ಸೇರಿ ಮಳೆ ಎನ್ನುತ್ತಾರೆ. ವ್ಯತ್ಯಾಸ ಒಂದೇ. ಪಂಜೆಯವರ ಸಾಲಿನ ಕೊನೆಯಲ್ಲಿ ಒಂದು ಇರುವೆ ಇತ್ತು, ಹೌದು ಕಚ್ಚಿದ್ದು ನಾನೇ ಎಂದು ಅದು ಒಪ್ಪಿಕೊಂಡಿತು. ನಮ್ಮ ಸಾಲಿಗೆ ಇರುವೆ ಸಿಗುವುದಿಲ್ಲ.

ಕಥೆಗೆ ಎಷ್ಟು ಕೊಡಬೇಕಾದೀತು ಎಂಬುದು ನಿರ್ಮಾಪಕರ ಕೊನೆಯ ಸಂಶಯ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ. ಹಕ್ಕುಸ್ವಾಮ್ಯದ ಅವಧಿ ಮುಗಿದು ದಶಕಗಳೇ ಕಳೆದವು. ಸಿಗಡಿಗೆ ಒಂದು ಪೈಸೆ ಸಂಭಾವನೆ ಇಲ್ಲ, ಇರುವೆಗೂ ಇಲ್ಲ. ಕಂಬಳದ ಕೋಣಗಳು ಮಳೆಗಾಲದಲ್ಲಿ ಖಾಲಿ ಇರುತ್ತವೆ. ಆಸಕ್ತರು ಅಡಿಕೆಯ ರೇಟು ಇಳಿಯುವ ಮೊದಲು ಮುಂದೆ ಬರಬೇಕಾಗಿ ವಿನಂತಿ.